ರಾಶಿ, ಅಡ್ಮಿಷನ್, ಮಾರ್ಚ್: ಕಲಬುರಗಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯ ಹಣದ ಲೆಕ್ಕ

ಕಲಬುರಗಿಯಲ್ಲಿ ಸಾಫ್ಟ್‌ವೇರ್ ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುವ ಕಾಲ ಹೋಯಿತು. ದಾಲ್ ಮಿಲ್‌ಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಬೇಕು. ಕಾಲೇಜಿಗೆ ಫೀ ವಸೂಲಿಯ ಸಾಫ್ಟ್‌ವೇರ್ ಬೇಕು. ನರ್ಸಿಂಗ್ ಹೋಮ್‌ಗೆ ಓಪಿಡಿ ಚೀಟಿಯಿಂದ ಡಿಸ್ಚಾರ್ಜ್ ಬಿಲ್‌ವರೆಗೆ ಎಲ್ಲ ಬೇಕು. ಸೌಹಾರ್ದ ಸಹಕಾರಿಗೆ ಪಿಗ್ಮಿ ಏಜೆಂಟರ ಮೊಬೈಲ್ ಆ್ಯಪ್ ಬೇಕು. ಕೆಲಸ ಇದೆ, ಮಾಡುವ ಹುಡುಗ ಹುಡುಗಿಯರೂ ಇದ್ದಾರೆ. ಆದರೂ ನಾಲ್ಕೈದು ವರ್ಷ ಚೆನ್ನಾಗಿ ನಡೆದ ಕಂಪನಿ ಒಂದು ದಿನ ಬಾಗಿಲು ಹಾಕುತ್ತದೆ. ವಿಚಿತ್ರ ಏನೆಂದರೆ, ಸಿಎ ಕೊಟ್ಟ ಹಾಳೆಯಲ್ಲಿ ಆ ವರ್ಷವೂ ಲಾಭ ಇರುತ್ತದೆ. ಬ್ಯಾಂಕ್ ಖಾತೆಯಲ್ಲಿ ಮಾತ್ರ ಸಂಬಳಕ್ಕೆ ದುಡ್ಡು ಇರುವುದಿಲ್ಲ.

ನಮ್ಮ ದುಡ್ಡು ಹೋಗುವುದು ತಿಂಗಳ ಲೆಕ್ಕದಲ್ಲಿ. ಬರುವುದು ಗಿರಾಕಿಯ ಹಂಗಾಮಿನ ಲೆಕ್ಕದಲ್ಲಿ. ಈ ಎರಡರ ನಡುವಿನ ಅಂತರವನ್ನು ಮೊದಲೇ ನೋಡಿ ಇಟ್ಟುಕೊಳ್ಳುವುದೇ ನಮ್ಮಂಥವರ ಹಣಕಾಸು ಯೋಜನೆ. ಐದು ಜನರಿಂದ ಇಪ್ಪತ್ತೈದು ಜನರವರೆಗಿನ ಕಂಪನಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೀದರ್, ಯಾದಗಿರಿಯಲ್ಲಿ ಇರುವವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಒಂದು ಸ್ಪ್ರೆಡ್‌ಶೀಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲ ಹೆಜ್ಜೆ: ಮೂರು ಖಾತೆ, ನಿಮಗೊಂದು ಸಂಬಳ

ಕಂಪನಿಯ ದುಡ್ಡು ಮತ್ತು ಮನೆಯ ದುಡ್ಡು ಒಂದೇ ಖಾತೆಯಲ್ಲಿ ಇದ್ದರೆ ಮುಂದಿನದೇನೂ ಉಪಯೋಗಕ್ಕೆ ಬರುವುದಿಲ್ಲ. ಒಂದು ಕರೆಂಟ್ ಖಾತೆ ವ್ಯವಹಾರಕ್ಕೆ. ಎರಡನೆಯದು ತೆರಿಗೆಗೆ. ಮೂರನೆಯದು ಆಪತ್ಕಾಲಕ್ಕೆ. ಎರಡನೆಯ ಮತ್ತು ಮೂರನೆಯ ಖಾತೆಗೆ ಯುಪಿಐ ಜೋಡಿಸಬೇಡಿ. ಸುಲಭವಾಗಿ ಕೈಗೆ ಸಿಕ್ಕರೆ ಖರ್ಚಾಗಿ ಹೋಗುತ್ತದೆ.

ಮಾಲಕರು ತಮಗೂ ಒಂದು ಸಂಬಳ ಗೊತ್ತು ಮಾಡಿಕೊಳ್ಳಬೇಕು. ಪ್ರೊಪ್ರೈಟರ್‌ಶಿಪ್ ಇದ್ದರೆ ಕಾನೂನಿನ ಪ್ರಕಾರ ಅದು ಸಂಬಳ ಅನ್ನಿಸಿಕೊಳ್ಳುವುದಿಲ್ಲ, ಇರಲಿ. ನಿಮ್ಮ ಹಾಳೆಯಲ್ಲಿ ಅದು ಖರ್ಚಿನ ಸಾಲಿನಲ್ಲೇ ಇರಬೇಕು. "ನಾನೇನು ತಗೊಳ್ಳಲ್ಲ, ಎಲ್ಲ ಕಂಪನಿಗೇ ಬಿಡ್ತೀನಿ" ಎನ್ನುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಅವರ ಮನೆಯ ಖರ್ಚು ಎಲ್ಲಿಂದಲೋ ನಡೆಯುತ್ತಿರುತ್ತದೆ, ಆದರೆ ಯಾವ ಹಾಳೆಯಲ್ಲೂ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಗಿರಾಕಿಯ ಕೈಯಲ್ಲಿ ದುಡ್ಡು ಯಾವಾಗ ಇರುತ್ತದೆ?

ಇದೇ ಮುಖ್ಯ ಹೆಜ್ಜೆ. ಬೆಂಗಳೂರಿನವರಿಗಾಗಿ ಬರೆದ ಲೇಖನಗಳಲ್ಲಿ ಇದು ಸಿಗುವುದಿಲ್ಲ.

ನಿಮ್ಮ ಗಿರಾಕಿಗಳನ್ನೆಲ್ಲ ಒಂದು ಪಟ್ಟಿ ಮಾಡಿ. ಹೆಸರಿನ ಮುಂದೆ "ಎಷ್ಟು ಕೊಡಬೇಕು" ಎಂದು ಬರೆಯುವ ಮೊದಲು "ಇವರಿಗೆ ದುಡ್ಡು ಯಾವ ತಿಂಗಳು ಬರುತ್ತದೆ" ಎಂದು ಬರೆಯಿರಿ.

ತೊಗರಿಯನ್ನೇ ತೆಗೆದುಕೊಳ್ಳಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಊರಿನ ಅರ್ಧ ವ್ಯವಹಾರ ಅದರ ಸುತ್ತ ತಿರುಗುತ್ತದೆ ಅಂದರೂ ತಪ್ಪಿಲ್ಲ. ಮುಂಗಾರಿನಲ್ಲಿ ಬಿತ್ತಿದ್ದು ಡಿಸೆಂಬರ್, ಜನವರಿಗೆ ರಾಶಿ. ಆಮೇಲೆ ಎಪಿಎಂಸಿಯಲ್ಲಿ ಆವಕ ಜೋರು. ಹಾಗಾಗಿ ಎಲ್ಲರೂ "ರಾಶಿ ಆಗ್ಲಿ, ಕೊಡ್ತೀನ್ರಿ" ಅನ್ನುತ್ತಾರೆ. ಇಲ್ಲಿ ಸ್ವಲ್ಪ ಹುಷಾರಾಗಿ ನೋಡಬೇಕು. ರಾಶಿಯಾದ ಮೇಲೆ ದುಡ್ಡು ಕಾಣುವುದು ರೈತರು, ಅಡತಿಯವರು, ಬೈಕ್ ಶೋರೂಮ್, ಬಂಗಾರದ ಅಂಗಡಿ, ಟ್ರ್ಯಾಕ್ಟರ್ ಡೀಲರ್ ಕೈಯಲ್ಲಿ. ದಾಲ್ ಮಿಲ್‌ನ ಕಥೆ ಉಲ್ಟಾ. ಆವಕದ ತಿಂಗಳುಗಳಲ್ಲಿ ಮಿಲ್ ಮಾಲಕರು ಇದ್ದಬದ್ದ ದುಡ್ಡನ್ನೆಲ್ಲ ಮಾಲು ಖರೀದಿಗೆ ಹಾಕಿರುತ್ತಾರೆ. ಫೆಬ್ರವರಿಯಲ್ಲಿ ಅವರ ಗೋದಾಮು ತುಂಬಿರುತ್ತದೆ, ಖಾತೆ ಖಾಲಿ. ಬೇಳೆ ಮಾರಿ ದುಡ್ಡು ತಿರುಗಿ ಬಂದ ಮೇಲೆ ನಿಮ್ಮ ಬಿಲ್. ಅದಕ್ಕೇ ಮಿಲ್‌ನವರ ಹತ್ತಿರ ಅಡ್ವಾನ್ಸ್ ಕೇಳಲು ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಹಂಗಾಮಿಗೆ ಮೊದಲು ಸಾಫ್ಟ್‌ವೇರ್ ತಯಾರಿರಲಿ ಎಂಬ ಆತುರ ಆಗ ಅವರಿಗೂ ಇರುತ್ತದೆ.

ಶಾಲೆ ಕಾಲೇಜುಗಳದ್ದು ಎರಡನೆಯ ಕ್ಯಾಲೆಂಡರ್. ಅಡ್ಮಿಷನ್ ನಡೆಯುವ ಜೂನ್‌ನಿಂದ ಆಗಸ್ಟ್‌ವರೆಗೆ ಅವರ ಹತ್ತಿರ ದುಡ್ಡಿರುತ್ತದೆ. ಸಾಫ್ಟ್‌ವೇರ್ ಬೇಕಾಗುವುದು ಮಾತ್ರ ಮೇ ತಿಂಗಳಿಗೇ. ಅಂದರೆ ಮಾರ್ಚ್‌ನಿಂದ ನೀವು ಕೈಯಿಂದ ಹಾಕಿ ಕೆಲಸ ಮಾಡುತ್ತೀರಿ. ಜುಲೈ ತಪ್ಪಿದರೆ ಮುಂದಿನ ಕಂತಿನ ಫೀ ಬರುವವರೆಗೆ ಕಾಯಬೇಕು.

ಮೂರನೆಯದು ಸರ್ಕಾರದ್ದು. ಅನುದಾನ ಖರ್ಚು ಮಾಡಲೇಬೇಕು ಎಂಬ ಅವಸರ ಫೆಬ್ರವರಿ, ಮಾರ್ಚ್‌ನಲ್ಲಿ. ಬಿಲ್ ಖಜಾನೆ-2ರಲ್ಲಿ, ಅಂದರೆ ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಪಾಸಾಗಿ ಬರಬೇಕು. ಮಾರ್ಚ್ 31ರೊಳಗೆ ಆಗದಿದ್ದರೆ ಹೊಸ ವರ್ಷದ ಅನುದಾನ ಬಿಡುಗಡೆ ಆಗುವವರೆಗೆ ಕಡತ ಕೂತಿರುತ್ತದೆ.

ಈಗ ಮೂರನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಏಪ್ರಿಲ್, ಮೇ ಖಾಲಿ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಕೂಡ ಸಪ್ಪೆ. ಏಪ್ರಿಲ್, ಮೇ ಅಂದರೆ ಎಸಿ ಇಡೀ ದಿನ ಓಡುವ ಕಾಲ. ನಮ್ಮ ಬಿಸಿಲಿಗೆ ಕರೆಂಟ್ ಬಿಲ್ ಎಷ್ಟು ಬರುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ. ಇಂಕ್ರಿಮೆಂಟ್ ಕೇಳುವುದೂ ಅದೇ ಏಪ್ರಿಲ್‌ನಲ್ಲಿ. ನಿಮ್ಮ ಗಿರಾಕಿಗಳು ಬೇರೆ ಇರಬಹುದು, ಖಾಲಿ ತಿಂಗಳು ಬೇರೆ ಇರಬಹುದು. ಆದರೆ ಅದು ಯಾವುದು ಎಂದು ಗೊತ್ತಿರಲೇಬೇಕು.

ಮೂರನೆಯ ಹೆಜ್ಜೆ: ಹದಿಮೂರು ವಾರದ ಹಾಳೆ

ವರ್ಷದ ಬಜೆಟ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸಂಬಳ ತಪ್ಪದಂತೆ ಕಾಯುವುದು ಹದಿಮೂರು ವಾರದ ನಗದು ಹಾಳೆ. ಹದಿಮೂರು ವಾರ ಅಂದರೆ ಮೂರು ತಿಂಗಳು. ಅಷ್ಟು ದೂರದವರೆಗೆ ಹೆಚ್ಚುಕಡಿಮೆ ಸರಿಯಾಗಿ ಊಹೆ ಮಾಡಬಹುದು, ಆಚೆಗೆ ಕಷ್ಟ.

ಮೇಲಿನ ಸಾಲಿನಲ್ಲಿ ವಾರಗಳು. ಪ್ರತಿ ವಾರಕ್ಕೂ ಆರಂಭದ ಬ್ಯಾಲೆನ್ಸ್, ಬರುವುದು, ಹೋಗುವುದು, ಉಳಿಯುವುದು. ಬರುವುದನ್ನು ಎರಡು ಭಾಗ ಮಾಡಿ: "ಖಂಡಿತ" ಮತ್ತು "ಬರಬಹುದು". ದಿನಾಂಕ ಹಾಕಿದ ಚೆಕ್, ಕೈಯಲ್ಲಿರುವ ವರ್ಕ್ ಆರ್ಡರ್ ಪ್ರಕಾರ ಮುಗಿದ ಕಂತು, ಪ್ರತಿ ವರ್ಷ ತಪ್ಪದೆ ಕೊಡುವವರ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದದ ದುಡ್ಡು), ಇವು ಖಂಡಿತದಲ್ಲಿ. "ಈ ವಾರ ಮಾಡ್ಸ್ತೀವ್ರಿ ಸರ್" ಎಂದು ಫೋನಿನಲ್ಲಿ ಹೇಳಿದ್ದೆಲ್ಲ ಬರಬಹುದು. ಉಳಿಯುವುದನ್ನು ಲೆಕ್ಕ ಹಾಕುವಾಗ ಖಂಡಿತವನ್ನು ಮಾತ್ರ ಸೇರಿಸಿ. ಬರಬಹುದು ಎನ್ನುವ ಸಾಲು ಕಣ್ಣ ಮುಂದೆ ಇರಲಿ, ಮೊತ್ತದಲ್ಲಿ ಬೇಡ.

ಹೋಗುವ ದುಡ್ಡಿಗೆ ಒಂದು ಉದಾಹರಣೆ ಕೊಡುತ್ತೇನೆ. ಕಂಪನಿ ಕಾಲ್ಪನಿಕ, ಅಂಕಿ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಎಂಟು ಜನರ ಕಂಪನಿ, ಅದರಲ್ಲಿ ಇಬ್ಬರು ಮಾಲಕರು. ಆರು ಜನರ ಸಂಬಳ 2,10,000 ರೂ. ಮಾಲಕರಿಬ್ಬರಿಗೆ ತಲಾ 30,000, ಅಂದರೆ 60,000. ಬಾಡಿಗೆ 15,000. ಕರೆಂಟ್, ಇಂಟರ್ನೆಟ್ 12,000. ಕ್ಲೌಡ್ ಸರ್ವರ್, ಎಸ್‌ಎಂಎಸ್, ಟೂಲ್‌ಗಳು 13,000. ಪೆಟ್ರೋಲ್, ಫೋನ್, ಚಹಾ, ಚಿಲ್ಲರೆ 10,000. ಒಟ್ಟು ತಿಂಗಳಿಗೆ 3,20,000 ರೂ. ಈ ಅಂಕಿಯನ್ನು ಮುಂದೆ ಮತ್ತೆ ಬಳಸುತ್ತೇನೆ.

ಮೂರು ತಿಂಗಳ ಖರ್ಚು 9,60,000. ಆಪತ್ಕಾಲದ ಖಾತೆಯಲ್ಲಿ ಕೊನೆಗೆ ಇಷ್ಟಾದರೂ ಸೇರಬೇಕು. ಒಂದೇ ವರ್ಷದಲ್ಲಿ ಆಗುವುದಿಲ್ಲ. ಬಂದ ಪ್ರತಿ ಪೇಮೆಂಟ್‌ನಿಂದ ನೂರಕ್ಕೆ ಐದು ರೂಪಾಯಿ ಸುಮ್ನೆ ತೆಗೆದು ಹಾಕುತ್ತ ಹೋಗಿ.

ನಾಲ್ಕನೆಯ ಹೆಜ್ಜೆ: ಬಿಲ್‌ನಲ್ಲಿ ನಿಮ್ಮದೆಷ್ಟು, ಸರ್ಕಾರದ್ದೆಷ್ಟು

ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಾಫ್ಟ್‌ವೇರ್ ಸೇವೆಗೆ ದರ ಶೇ 18. ಒಂದು ಲಕ್ಷದ ಬಿಲ್ ಮಾಡಿದರೆ ಮೇಲೆ 18,000 ಸೇರಿ 1,18,000 ಆಗುತ್ತದೆ. ಗಿರಾಕಿ ಟಿಡಿಎಸ್ (ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಮೊದಲೇ ಮುರಿದುಕೊಳ್ಳುವ ದುಡ್ಡು) ಕಡಿಯುವವರಾಗಿದ್ದರೆ ತಾಂತ್ರಿಕ ಸೇವೆ ಎಂದು ಶೇ 2, ವೃತ್ತಿಪರ ಸೇವೆ ಎಂದು ಶೇ 10 ಹಿಡಿಯುತ್ತಾರೆ. ಜಿಎಸ್‌ಟಿಯನ್ನು ಬಿಲ್‌ನಲ್ಲಿ ಬೇರೆ ತೋರಿಸಿದ್ದರೆ ಆ ಮೊತ್ತದ ಮೇಲೆ ಟಿಡಿಎಸ್ ಇಲ್ಲ. ಹೀಗೆ ಕೈಗೆ ಬರುವುದು 1,16,000 ಅಥವಾ 1,08,000. ಅದರಲ್ಲಿ 18,000 ಸರ್ಕಾರದ್ದು. ಬಂದ ದಿನವೇ ಅದನ್ನು ತೆರಿಗೆ ಖಾತೆಗೆ ಕಳಿಸಿ.

ಯಾವ ದರದಲ್ಲಿ ಟಿಡಿಎಸ್ ಹಿಡಿಯುತ್ತಾರೆ ಎಂದು ವರ್ಕ್ ಆರ್ಡರ್ ಸಮಯದಲ್ಲೇ ಅವರ ಅಕೌಂಟೆಂಟ್ ಜೊತೆ ಮಾತಾಡಿಕೊಳ್ಳಿ. ಶೇ 10 ಹಿಡಿದರೆ ದುಡ್ಡು ಕಳೆದುಹೋಗುವುದಿಲ್ಲ, ರಿಟರ್ನ್ ಹಾಕಿದಾಗ ಹೊಂದಾಣಿಕೆಯಾಗುತ್ತದೆ. ಆದರೆ ಅಲ್ಲಿಯವರೆಗೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಟಿಡಿಎಸ್ ಪಟ್ಟಿ (26ಎಎಸ್ ಎಂದು ಕರೆಯುತ್ತಿದ್ದದ್ದು) ತೆಗೆದು ನೋಡಿ. ಕಡಿದವರು ಕಟ್ಟಿದ್ದಾರೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಕಲಂಗಳ ಸಂಖ್ಯೆ ಬದಲಾಗಿವೆ. ಹಳೆಯ ಸಂಖ್ಯೆ ಹಾಕಿದ ಬಿಲ್ ಫಾರ್ಮ್ಯಾಟ್ ಇದ್ದರೆ ತಿದ್ದಿಸಿ.

ಈಗ ಜಾಸ್ತಿ ಜನ ಸಿಕ್ಕಿಬೀಳುವ ಜಾಗ. ಜಿಎಸ್‌ಟಿ ಕಟ್ಟಬೇಕಾಗುವುದು ದುಡ್ಡು ಬಂದಾಗ ಅಂದುಕೊಂಡಿರುತ್ತಾರೆ. ನಿಯಮ ಹಾಗಿಲ್ಲ. ತೆರಿಗೆ ಬಿಲ್ ಮಾಡಿದ ತಿಂಗಳ ಲೆಕ್ಕಕ್ಕೇ ಅದು ಸೇರುತ್ತದೆ. ಮಾರ್ಚ್ 28ಕ್ಕೆ ಐದು ಲಕ್ಷದ ಬಿಲ್ ಕೊಟ್ಟರೆ ಏಪ್ರಿಲ್ 20ರೊಳಗೆ 90,000 ಕಟ್ಟಬೇಕು, ಗಿರಾಕಿ ಜುಲೈನಲ್ಲಿ ಕೊಟ್ಟರೂ ಸರಿ. ತಡವಾದರೆ ವರ್ಷಕ್ಕೆ ಶೇ 18ರ ಬಡ್ಡಿ. ಹಾಗಾಗಿ ದೊಡ್ಡ ಕೆಲಸವನ್ನು ಕಂತುಗಳಾಗಿ ಒಡೆಯಿರಿ, ಯಾವ ಹಂತ ಮುಗಿದಾಗ ಎಷ್ಟು ಎಂದು ಒಪ್ಪಂದದಲ್ಲೇ ಬರೆಯಿರಿ. ಕೆಲಸ ಶುರುವಾಗುವ ಮೊದಲು ದುಡ್ಡು ಕೇಳಲು ಪ್ರೊಫಾರ್ಮಾ ಇನ್‌ವಾಯ್ಸ್ (ತೆರಿಗೆ ಬಿಲ್ ಅಲ್ಲದ ಅಂದಾಜು ಬಿಲ್) ಸಾಕು, ಅದಕ್ಕೆ ತೆರಿಗೆ ಬೀಳುವುದಿಲ್ಲ. ಅಡ್ವಾನ್ಸ್ ಕೈಗೆ ಬಂದ ಮೇಲೆ ಮಾತ್ರ ಆ ಅಡ್ವಾನ್ಸಿನ ಮೇಲೆ ಜಿಎಸ್‌ಟಿ ಕಟ್ಟಬೇಕು. ಇದನ್ನೇ ನೆಪ ಮಾಡಿ ಮುಗಿದ ಕೆಲಸಕ್ಕೆ ತಿಂಗಳುಗಟ್ಟಲೆ ಬಿಲ್ ಮಾಡದೆ ಕೂರಬೇಡಿ. ಸೇವೆ ಕೊಟ್ಟ 30 ದಿನದೊಳಗೆ ಬಿಲ್ ಆಗಲೇಬೇಕು.

ವಹಿವಾಟು ಐದು ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ ಪದ್ಧತಿ ಇದೆ. ರಿಟರ್ನ್ ಮೂರು ತಿಂಗಳಿಗಾದರೂ ಮೊದಲ ಎರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ದೊಡ್ಡ ಗಿರಾಕಿಗಳು ತಮ್ಮ ಇನ್‌ಪುಟ್ ಕ್ರೆಡಿಟ್ (ನಿಮಗೆ ಕೊಟ್ಟ ಜಿಎಸ್‌ಟಿಯನ್ನು ತಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬೇಗ ಬೇಕು ಅನ್ನುತ್ತಾರೆ, ಅಂಥವರು ಇದ್ದರೆ ಪ್ರತಿ ತಿಂಗಳ ರಿಟರ್ನೇ ವಾಸಿ.

ಹೊರದೇಶದ ಟೂಲ್‌ಗೆ ಡಾಲರ್‌ನಲ್ಲಿ ಚಂದಾ ಕಟ್ಟುತ್ತಿದ್ದರೆ ರಿವರ್ಸ್ ಚಾರ್ಜ್, ಅಂದರೆ ಮಾರಿದವರ ಬದಲು ಕೊಂಡವರೇ ಜಿಎಸ್‌ಟಿ ಕಟ್ಟುವ ನಿಯಮ, ಅನ್ವಯಿಸಬಹುದು. ಆ ತೆರಿಗೆಯನ್ನು ಮೊದಲು ನಗದಿನಲ್ಲೇ ಕಟ್ಟಿ ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು. ಹೊರದೇಶಕ್ಕೆ ಕೆಲಸ ಮಾಡಿಕೊಡುವವರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ಜಿಎಸ್‌ಟಿ ಕಟ್ಟದೆ ಬಿಲ್ ಮಾಡಬಹುದು. ಪ್ರತಿ ಹಣಕಾಸು ವರ್ಷಕ್ಕೂ ಅದನ್ನು ಹೊಸದಾಗಿ ಹಾಕಬೇಕು, ಮರೆಯಬೇಡಿ.

ಆಮೇಲೆ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ಆದಾಯ ತೆರಿಗೆಯನ್ನು ವರ್ಷದ ನಡುವೆಯೇ ಕಂತಿನಲ್ಲಿ ಕಟ್ಟುವುದು. ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ರೂ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. ಈ ನಾಲ್ಕು ತಾರೀಕುಗಳನ್ನು ಹಾಳೆಯಲ್ಲಿ ಕೆಂಪು ಬಣ್ಣದಲ್ಲಿ ಬರೆಯಿರಿ. ಸೆಪ್ಟೆಂಬರ್‌ನದು ನಮ್ಮ ಸಪ್ಪೆ ತಿಂಗಳಿನಲ್ಲೇ ಬಂದು ಕೂರುತ್ತದೆ.

ಐದನೆಯ ಹೆಜ್ಜೆ: ದರ ಕಟ್ಟುವುದು, ಎಎಂಸಿ ಹಂಚುವುದು

"ಒಂದು ಲಕ್ಷಕ್ಕೆ ಮಾಡ್ಕೊಡ್ರಿ, ಮುಂದ ಇನ್ನೂ ನಾಕು ಮಿಲ್ ಕೊಡಿಸ್ತೀನಿ." ಈ ಮಾತು ಕೇಳದವರು ಯಾರಿದ್ದಾರೆ? ಹೂಂ ಅನ್ನುವ ಮೊದಲು ನಿಮ್ಮ ಒಂದು ಗಂಟೆಯ ಬೆಲೆ ಗೊತ್ತಿರಲಿ.

ಅದೇ ಎಂಟು ಜನರ ಕಂಪನಿ. ಕೋಡ್ ಬರೆಯುವವರು ಐದು ಜನ ಎಂದುಕೊಳ್ಳಿ. ತಲಾ 160 ಗಂಟೆ, ಒಟ್ಟು 800. ಮೀಟಿಂಗ್, ಕಲಿಕೆ, ರಜೆ, ಹಳೆಯ ಗಿರಾಕಿಯ ಪುಕ್ಕಟೆ ರಿಪೇರಿ ಕಳೆದರೆ ಬಿಲ್ ಮಾಡಬಹುದಾದ ಸಮಯ ನೂರಕ್ಕೆ ಅರವತ್ತು, ಅಂದರೆ 480 ಗಂಟೆ. 3,20,000ವನ್ನು 480ರಿಂದ ಭಾಗಿಸಿದರೆ ಗಂಟೆಗೆ ಸುಮಾರು 667 ರೂ. ಇದು ಅಸಲು. ಉಳಿತಾಯ, ಮುಳುಗಿಹೋಗುವ ಬಾಕಿ, ಲಾಭ ಎಲ್ಲಕ್ಕೂ ಶೇ 30 ಸೇರಿಸಿ, 870 ಆಯಿತು. ಮಿಲ್‌ನ ಕೆಲಸಕ್ಕೆ 150 ಗಂಟೆ ಬೇಕಿದ್ದರೆ ಅಸಲೇ ಒಂದು ಲಕ್ಷ. ಕೇಳಬೇಕಾದ ದರ 1,30,500. ಒಂದು ಲಕ್ಷಕ್ಕೆ ಒಪ್ಪಿದರೆ ಆ ನಾಲ್ಕು ಮಿಲ್‌ಗಳನ್ನೂ ಲಾಭವಿಲ್ಲದೆ ಮಾಡಿಕೊಡಬೇಕಾಗುತ್ತದೆ. ಇಲ್ಲಿ ಎಲ್ಲರಿಗೂ ಎಲ್ಲರ ರೇಟ್ ಗೊತ್ತಿರುತ್ತದೆ, ಅಲ್ವಾ.

ಎಎಂಸಿಯಲ್ಲಿ ಇನ್ನೂ ಜಾಸ್ತಿ ಸೋರುತ್ತದೆ. ವರ್ಷಕ್ಕೆ 18,000ಕ್ಕೆ ಎಎಂಸಿ ಮಾಡಿಕೊಂಡು ತಿಂಗಳಿಗೆ ಎರಡು ಸಲ ಸೇಡಂಗೋ ಆಳಂದಕ್ಕೋ ಹುಡುಗನನ್ನು ಕಳಿಸುವವರಿದ್ದಾರೆ. ಒಂದು ಸಲಕ್ಕೆ ಮೂರೇ ಗಂಟೆ ಹಿಡಿದರೂ ವರ್ಷಕ್ಕೆ 72 ಗಂಟೆ. 667ರಂತೆ ಅಸಲು 48,000 ದಾಟಿತು. ಪೆಟ್ರೋಲ್ ಬೇರೆ. ಎಎಂಸಿ ಪತ್ರದಲ್ಲಿ ವರ್ಷಕ್ಕೆ ಎಷ್ಟು ಭೇಟಿ ಎಂದು ಬರೆಯಿರಿ, ಉಳಿದದ್ದು ಫೋನ್ ಮತ್ತು ರಿಮೋಟ್. ಹೆಚ್ಚಿನ ಭೇಟಿಗೆ ಬೇರೆ ದರ. ಮೊದಲ ವರ್ಷ ಗೊಣಗುತ್ತಾರೆ. ಎರಡನೆಯ ವರ್ಷ ರೂಢಿಯಾಗುತ್ತದೆ.

ಎಎಂಸಿಯ ನವೀಕರಣ ತಾರೀಕು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ. ಸಾಫ್ಟ್‌ವೇರ್ ಕೊಟ್ಟ ದಿನದಿಂದ ಒಂದು ವರ್ಷ ಎಂದು ಎಲ್ಲರೂ ಕಣ್ಣುಮುಚ್ಚಿ ಹಾಕುತ್ತಾರೆ. ಹಾಗೆ ಮಾಡಬೇಡಿ. ಮೊದಲ ಎಎಂಸಿಯನ್ನು ಹತ್ತು ತಿಂಗಳಿಗೋ ಹದಿನಾಲ್ಕು ತಿಂಗಳಿಗೋ ಮಾಡಿ, ನವೀಕರಣವು ಗಿರಾಕಿಯ ಹತ್ತಿರ ದುಡ್ಡು ಇರುವ ತಿಂಗಳಿಗೆ ಬೀಳುವ ಹಾಗೆ ನೋಡಿಕೊಳ್ಳಿ. ಕಾಲೇಜಿನದು ಜುಲೈಗೆ. ಮಿಲ್‌ನದು ಅಕ್ಟೋಬರ್‌ಗೆ. ನರ್ಸಿಂಗ್ ಹೋಮ್, ಮೆಡಿಕಲ್ ಶಾಪ್, ಸಹಕಾರಿಗಳಿಗೆ ವರ್ಷವಿಡೀ ದುಡ್ಡು ತಿರುಗುತ್ತಿರುತ್ತದೆ. ಅವರದನ್ನೆಲ್ಲ ನಿಮ್ಮ ಖಾಲಿ ತಿಂಗಳುಗಳಾದ ಏಪ್ರಿಲ್, ಮೇ, ಸೆಪ್ಟೆಂಬರ್‌ಗೆ ತನ್ನಿ. ವರ್ಷದ ಎಎಂಸಿ ಒಟ್ಟು ಸೇರಿ ವರ್ಷದ ಖರ್ಚಿನ ಅರ್ಧ ಮುಟ್ಟಿದರೆ, ನಮ್ಮ ಉದಾಹರಣೆಯಲ್ಲಿ 19,20,000 ರೂ., ಹೊಸ ಆರ್ಡರ್ ಎರಡು ತಿಂಗಳು ಬರದಿದ್ದರೂ ನಿದ್ದೆ ಬರುತ್ತದೆ.

ಆರನೆಯ ಹೆಜ್ಜೆ: ಉದ್ರಿ ವಸೂಲಿ

ಈ ಕಡೆ ವ್ಯಾಪಾರ ಉದ್ರಿಯ ಮೇಲೆಯೇ ನಡೆದು ಬಂದದ್ದು. ಅದನ್ನು ಒಂದೇ ಸಲಕ್ಕೆ ಬದಲಿಸಲು ಹೋದರೆ ಗಿರಾಕಿ ಉಳಿಯುವುದಿಲ್ಲ. ಆದರೆ ಉದ್ರಿಗೂ ಒಂದು ತಾರೀಕು ಇರಬೇಕು, ಅದು ಬರಹದಲ್ಲಿ ಇರಬೇಕು.

ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಅಂದರೆ ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ ಪಟ್ಟಿಗೆ ಹೆಸರು ಸೇರಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಸಾಕು. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಅದು ಸರ್ಕಾರದ್ದಲ್ಲ. 2025ರ ಏಪ್ರಿಲ್‌ನಿಂದ ಮಿತಿ ಹೆಚ್ಚಾಗಿದೆ: ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿಯವರೆಗೆ ಮೈಕ್ರೊ, 25 ಕೋಟಿ ಮತ್ತು 100 ಕೋಟಿಯವರೆಗೆ ಸ್ಮಾಲ್. ನಮ್ಮ ಊರಿನ ಸಾಫ್ಟ್‌ವೇರ್ ಕಂಪನಿಗಳು ಬಹುಪಾಲು ಮೈಕ್ರೊದಲ್ಲೇ ಬರುತ್ತವೆ.

ಇದರಿಂದ ಏನು ಸಿಗುತ್ತದೆ? 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಖರೀದಿದಾರರು ಒಪ್ಪಂದದ ತಾರೀಕಿನೊಳಗೆ ಕೊಡಬೇಕು, ಒಪ್ಪಂದ ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಬರಹದಲ್ಲಿ ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಜಗಳ ಶುರುವಾದ ಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಿಲ್‌ಗೆ ಈ ರಕ್ಷಣೆ ಸಿಗುವುದು ಕಷ್ಟ. ಕಂಪ್ಯೂಟರ್, ಪ್ರಿಂಟರ್ ತಂದು ಮಾರುವುದಷ್ಟೇ ನಿಮ್ಮ ಕೆಲಸವಾದರೆ, ಅಂದರೆ ಬರೀ ಟ್ರೇಡಿಂಗ್ ಆದರೆ, ಇದು ಅನ್ವಯಿಸುವುದಿಲ್ಲ.

ನಿಜ ಹೇಳಬೇಕೆಂದರೆ, ಊರಿನ ಸಾವ್ಕಾರರ ಮೇಲೆ ಯಾರೂ ಕೌನ್ಸಿಲ್‌ಗೆ ಹೋಗುವುದಿಲ್ಲ. ನಾಳೆ ಮದುವೆಯಲ್ಲಿ, ಜಾತ್ರೆಯಲ್ಲಿ ಅವರೇ ಎದುರಿಗೆ ಸಿಗುತ್ತಾರೆ. ಅದಕ್ಕೆ ಇನ್ನೊಂದು ಮೆತ್ತಗಿನ ದಾರಿ ಇದೆ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ: ಮೈಕ್ರೊ ಅಥವಾ ಸ್ಮಾಲ್ ಉದ್ಯಮಕ್ಕೆ ಈ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಖರೀದಿದಾರರಿಗೆ ಆ ಖರ್ಚು ಕಳೆಯಲು ಸಿಗುತ್ತದೆ. ಅಂದರೆ ನಿಮ್ಮ ಬಾಕಿ ಉಳಿಸಿಕೊಂಡರೆ ಅವರ ತೆರಿಗೆ ಹೆಚ್ಚುತ್ತದೆ. ಇದನ್ನು ಮಾಲಕರಿಗೆ ಹೇಳಬೇಡಿ, ಅವರ ಅಕೌಂಟೆಂಟ್‌ಗೆ ಹೇಳಿ. ಫೆಬ್ರವರಿ ಮೊದಲ ವಾರ ಉದ್ಯಮ್ ಪ್ರಮಾಣಪತ್ರ ಮತ್ತು ಬಾಕಿ ಪಟ್ಟಿಯನ್ನು ಒಂದು ನಮ್ರ ಪತ್ರದ ಜೊತೆ ಕಳಿಸಿ. ಮಾರ್ಚ್‌ನಲ್ಲಿ ನಿಮ್ಮ ಪರವಾಗಿ ಮಾಲಕರ ಹತ್ತಿರ ಅವರೇ ಮಾತಾಡುತ್ತಾರೆ. ಬಿಲ್‌ನ ಕೆಳಗೂ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ಉಳಿದಂತೆ ದಿನದ ಶಿಸ್ತು. ವಸೂಲಿಗೆ ಒಬ್ಬರು ಇರಲಿ, ಅವರು ಕೋಡ್ ಬರೆದವರಾಗಿರಬಾರದು. ಗಡುವಿಗೆ ಐದು ದಿನ ಮೊದಲು ಒಂದು ವಾಟ್ಸಾಪ್, ಗಡುವಿನ ದಿನ ಫೋನ್, ಒಂದು ವಾರದ ಮೇಲೆ ಖುದ್ದಾಗಿ ಹೋಗುವುದು. ಮಿಲ್‌ಗೆ, ಅಡತಿ ಅಂಗಡಿಗೆ ಹೋಗುವುದಾದರೆ ವ್ಯವಹಾರದ ಗದ್ದಲ ಮುಗಿದ ಸಂಜೆ ಹೊತ್ತು ಹೋಗಿ. ಮಾಲಕರು "ನಾಳಿ ಬರ್ರಿ" ಅಂದರೆ "ಎಷ್ಟು ಗಂಟೆಗೆ ಬರ್ಲ್ರಿ" ಎಂದು ಅಲ್ಲೇ ಕೇಳಿ. ತಾರೀಕು, ಹೊತ್ತು ಎರಡೂ ಅವರ ಬಾಯಿಂದಲೇ ಬರಲಿ.

ಹೊಸ ಕೆಲಸಕ್ಕೆ ನನ್ನ ಲೆಕ್ಕ: ಶೇ 40 ಅಡ್ವಾನ್ಸ್, ಡೆಮೊ ಒಪ್ಪಿದಾಗ ಶೇ 30, ಇನ್‌ಸ್ಟಾಲ್ ಆದಾಗ ಶೇ 20, ಒಂದು ತಿಂಗಳ ನಂತರ ಶೇ 10. ಕೊನೆಯ ಹತ್ತು ಬರದಿದ್ದರೂ ಅಸಲು ಮುಳುಗಬಾರದು.

ಏಳನೆಯ ಹೆಜ್ಜೆ: ಸರ್ಕಾರಿ ಕೆಲಸಕ್ಕೆ ಒಂದು ಮಿತಿ

ಸರ್ಕಾರಿ ಇಲಾಖೆಗಳು ಖರೀದಿ ಮಾಡುವ ಜೆಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಿ. ಉದ್ಯಮ್ ಇರುವ ಸಣ್ಣ ಉದ್ಯಮಗಳಿಗೆ ಹಲವು ಟೆಂಡರ್‌ಗಳಲ್ಲಿ ಇಎಂಡಿ (ಟೆಂಡರ್ ಹಾಕುವಾಗ ಇಡುವ ಮುಂಗಡ ಠೇವಣಿ) ವಿನಾಯಿತಿ ಇದೆ. ಕೆಲಸ ಸಿಕ್ಕರೆ ಗೌರವವೂ ಹೌದು, ಮುಂದಿನ ಟೆಂಡರ್‌ಗೆ ಅನುಭವದ ಪತ್ರವೂ ಹೌದು. ಆದರೆ ಭದ್ರತಾ ಠೇವಣಿ ಒಂದಷ್ಟು ಕಾಲ ಅಲ್ಲೇ ಇರುತ್ತದೆ. ಒಪ್ಪಂದ 2.5 ಲಕ್ಷ ಮೀರಿದರೆ ಇಲಾಖೆ ಶೇ 2 ಜಿಎಸ್‌ಟಿ ಟಿಡಿಎಸ್ ಬೇರೆ ಕಡಿಯುತ್ತದೆ. ಅದು ನಿಮ್ಮ ಜಿಎಸ್‌ಟಿ ಕ್ಯಾಷ್ ಲೆಡ್ಜರ್‌ಗೆ ಬರುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ವರ್ಷದ ವಹಿವಾಟಿನಲ್ಲಿ ಸರ್ಕಾರಿ ಕೆಲಸ ಮೂರರಲ್ಲಿ ಒಂದು ಪಾಲು ಮೀರಬಾರದು ಎನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಇದ್ದು ಸುಖವಾಗಿರುವವರೂ ಇದ್ದಾರೆ, ಅವರ ಹಿಂದೆ ಬೇರೆ ಬಂಡವಾಳ ಇರುತ್ತದೆ.

ಎಂಟನೆಯ ಹೆಜ್ಜೆ: ಜನರ ಖರ್ಚು

ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿನಿಂದ ಬಂದವರನ್ನು ತಯಾರು ಮಾಡುತ್ತೀರಿ, ಕೆಲಸ ಕಲಿತ ಮೇಲೆ ಹೈದರಾಬಾದೋ ಬೆಂಗಳೂರೋ ಕರೆಯುತ್ತದೆ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ವರ್ಷಕ್ಕೆ ಒಬ್ಬರು ಹೋಗುತ್ತಾರೆ ಎಂದುಕೊಂಡು, ಬದಲಿಗೆ ಬಂದವರು ಮೂರು ತಿಂಗಳು ಕಲಿಯುವಾಗಿನ ಸಂಬಳವನ್ನು ಬಜೆಟ್‌ನಲ್ಲಿ ಮೊದಲೇ ಹಾಕಿಬಿಡಿ.

ಹತ್ತು ಜನ ಆದಾಗ ಇಎಸ್‌ಐ, ಇಪ್ಪತ್ತು ಆದಾಗ ಪಿಎಫ್ ಬರುತ್ತದೆ. ಇಎಸ್‌ಐಗೆ ಮಾಲಕರ ಪಾಲು ಶೇ 3.25, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ. ಪಿಎಫ್‌ಗೆ ಶೇ 12. ಹತ್ತೊಂಬತ್ತನೆಯವರಿಂದ ಇಪ್ಪತ್ತನೆಯವರಿಗೆ ಹೋಗುವಾಗ ಹೆಚ್ಚುವುದು ಒಬ್ಬರ ಸಂಬಳವಷ್ಟೇ ಅಲ್ಲ, ಅರ್ಹರಾದ ಎಲ್ಲರ ಪಿಎಫ್ ಕೂಡ. ಆ ನೇಮಕಕ್ಕೆ ಮೊದಲು ಹಾಳೆಯಲ್ಲಿ ಒಮ್ಮೆ ಹಾಕಿ ನೋಡಿ.

ಒಂಬತ್ತನೆಯ ಹೆಜ್ಜೆ: ಸಾಲ, ಯಾವುದಕ್ಕೆ ಯಾವುದು

ಲ್ಯಾಪ್‌ಟಾಪ್, ಇನ್‌ವರ್ಟರ್, ಬ್ಯಾಟರಿ, ಎಸಿ ಮೂರ್ನಾಲ್ಕು ವರ್ಷ ಬಾಳುತ್ತವೆ. ಅವುಗಳಿಗೆ ಟರ್ಮ್ ಲೋನ್, ಅದೇ ಮೂರ್ನಾಲ್ಕು ವರ್ಷದ ಕಂತು. ಬಿಲ್ ಆಗಿ ದುಡ್ಡು ಬರುವವರೆಗಿನ ಅಂತರಕ್ಕೆ ಓವರ್‌ಡ್ರಾಫ್ಟ್ (ಓಡಿ), ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲ. ಓಡಿಯಿಂದ ಲ್ಯಾಪ್‌ಟಾಪ್ ಕೊಂಡರೆ ಏಪ್ರಿಲ್‌ನಲ್ಲಿ ಸಂಬಳಕ್ಕೆ ಬೇಕಾದಾಗ ಓಡಿ ತುಂಬಿಹೋಗಿರುತ್ತದೆ.

ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ ಹತ್ತು ಲಕ್ಷದವರೆಗೆ, ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ ತರುಣ್ ಪ್ಲಸ್‌ನಲ್ಲಿ 20 ಲಕ್ಷದವರೆಗೆ ಸಿಗುತ್ತದೆ. ದೊಡ್ಡ ಮೊತ್ತಕ್ಕೆ ಹೊಲ, ಮನೆ ಅಡ ಇಡುವ ಮೊದಲು ಸಿಜಿಟಿಎಂಎಸ್‌ಇ ಗ್ಯಾರಂಟಿ (ಅಡವಿಲ್ಲದ ಸಾಲಕ್ಕೆ ನಿಮ್ಮ ಪರವಾಗಿ ಬ್ಯಾಂಕಿಗೆ ಕೊಡುವ ಖಾತರಿ) ಬಗ್ಗೆ ಕೇಳಿ. 2025ರ ಏಪ್ರಿಲ್‌ನಿಂದ ಅದರ ಮಿತಿ ಹತ್ತು ಕೋಟಿ. ಗ್ಯಾರಂಟಿಗೆ ವರ್ಷಕ್ಕೊಂದು ಶುಲ್ಕ ಇರುತ್ತದೆ, ಬಡ್ಡಿಯ ಜೊತೆ ಅದನ್ನೂ ಕೂಡಿಸಿ ನೋಡಿ. ಸಾಫ್ಟ್‌ವೇರ್ ಕಂಪನಿಯಲ್ಲಿ ತೋರಿಸಲು ಗೋದಾಮೂ ಇಲ್ಲ, ಯಂತ್ರವೂ ಇಲ್ಲ. ಹಾಗಾಗಿ ಬ್ಯಾಂಕಿನವರು ನೋಡುವುದು ಜಿಎಸ್‌ಟಿ ರಿಟರ್ನ್, ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್. ಮೂರರಲ್ಲೂ ವಹಿವಾಟು ತಾಳೆಯಾಗಬೇಕು. ತೆರಿಗೆ ಉಳಿಸಲು ಅರ್ಧ ವಹಿವಾಟು ನಗದಿನಲ್ಲಿ ಇಟ್ಟವರಿಗೆ ಇಲ್ಲಿ ಬಾಗಿಲು ಮುಚ್ಚುತ್ತದೆ. ಸಾಲ ಬೇಕಾಗುವ ಆರು ತಿಂಗಳು ಮೊದಲೇ ಮ್ಯಾನೇಜರ್ ಜೊತೆ ಮಾತು ಶುರು ಮಾಡಿ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಂಥ ದೊಡ್ಡ ಗಿರಾಕಿ ಇದ್ದರೆ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ ಬಗ್ಗೆ ವಿಚಾರಿಸಿ. ಗಿರಾಕಿ ಒಪ್ಪಿದ ಬಿಲ್ ಮೇಲೆ ಬ್ಯಾಂಕುಗಳು ಮೊದಲೇ ದುಡ್ಡು ಕೊಡುತ್ತವೆ, ಸ್ವಲ್ಪ ಬಡ್ಡಿ ಮುರಿದುಕೊಂಡು. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸುವುದು ಕಡ್ಡಾಯ.

ಸ್ವಂತ ಹೊಸ ಪ್ರಾಡಕ್ಟ್ ಮಾಡುವವರಿಗೆ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಇದೆ. ಅರ್ಜಿ ಹಾಕಿ. ಹಾಳೆಯಲ್ಲಿ ಮಾತ್ರ ಸೇರಿಸಬೇಡಿ, ಖಾತೆಗೆ ಬಂದ ಮೇಲೆ ಸೇರಿಸಿದರಾಯಿತು.

ಹತ್ತನೆಯ ಹೆಜ್ಜೆ: ಸೋಮವಾರದ ಅರ್ಧ ಗಂಟೆ

ಪ್ರತಿ ಸೋಮವಾರ ಬೆಳಿಗ್ಗೆ, ಫೋನುಗಳು ಶುರುವಾಗುವ ಮೊದಲು, ಪಾಲುದಾರರು ಕೂತು ಹಾಳೆ ನೋಡಬೇಕು. ಕಳೆದ ವಾರ ಬಂದದ್ದು ಬರೆಯಿರಿ, ಮುಂದೆ ಒಂದು ವಾರ ಸೇರಿಸಿ. ತಾರೀಕುಗಳನ್ನು ತಾಳೆ ನೋಡಿ: 7ಕ್ಕೆ ನೀವು ಕಡಿದ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1 (ಮಾಡಿದ ಬಿಲ್‌ಗಳ ಪಟ್ಟಿ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಕಟ್ಟುವ ರಿಟರ್ನ್). ಅರ್ಧ ಗಂಟೆಗಿಂತ ಜಾಸ್ತಿ ಹಿಡಿದರೆ ಹಾಳೆ ಬಹಳ ದೊಡ್ಡದಾಗಿದೆ ಎಂದರ್ಥ, ಸಾಲು ಕಡಿಮೆ ಮಾಡಿ.

ಒಂಬತ್ತನೆಯ ವಾರದಲ್ಲಿ ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಕಂಡಿತು ಎಂದುಕೊಳ್ಳಿ. ಇನ್ನೂ ಎರಡು ತಿಂಗಳು ಕೈಯಲ್ಲಿದೆ. ಮೊದಲು ಹಳೆಯ ಬಾಕಿ ಪಟ್ಟಿ ತೆಗೆಯಿರಿ, ಕೊಡುವ ಶಕ್ತಿ ಇರುವ ಮೂರು ಜನರನ್ನು ಆರಿಸಿ, ಮಾಲಕರೇ ಖುದ್ದು ಹೋಗಿ. ಅದರಿಂದ ತುಂಬದಿದ್ದರೆ ವರ್ಷವಿಡೀ ದುಡ್ಡು ತಿರುಗುವ ಗಿರಾಕಿಗಳಿಗೆ ಎಎಂಸಿಯನ್ನು ಎರಡು ತಿಂಗಳು ಮೊದಲೇ ಕಟ್ಟಿದರೆ ಶೇ 5 ರಿಯಾಯಿತಿ ಕೊಡಿ. ಆಮೇಲೆ ಮುಂದೂಡಬಹುದಾದ ಖರೀದಿ ಮುಂದೂಡಿ. ಆಮೇಲೆ ಓಡಿ. ಅದೂ ಸಾಲದಿದ್ದರೆ ಆಪತ್ಕಾಲದ ಖಾತೆ, ತೆಗೆದದ್ದನ್ನು ಯಾವ ವಾರ ತಿರುಗಿ ಹಾಕುತ್ತೀರಿ ಎಂದು ಅದೇ ಹಾಳೆಯಲ್ಲಿ ಬರೆದು. ಮಾಲಕರ ಸಂಬಳ ಅರ್ಧಕ್ಕೆ ಇಳಿಸುವುದು ಇದರ ನಂತರದ ಮಾತು. ತೆರಿಗೆ ಖಾತೆಯನ್ನು ಮಾತ್ರ ಮುಟ್ಟಬೇಡಿ. ಅಲ್ಲಿರುವ ದುಡ್ಡಿಗೆ ತಾರೀಕು ಆಗಲೇ ಬಿದ್ದಿರುತ್ತದೆ.